ಗಣಿಗೆ ಅಡ್ಡ ಬಂದ ಹೊಳೆ: ಏರಿ ಕಟ್ಟೋದಾ, ತಿರುಗಿಸೋದಾ, ತಿರುಗಿಸಿದ್ರೆ ಹೇಗೆ?

ಒಂದೇ ತಿಂಗಳಲ್ಲಿ ಮೂರು ಜನ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳಿದ್ರು, ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯೋ ಬದಲು ಒಟ್ಟಿಗೇ ಬರೀತಿದೀನಿ, ಉದ್ದ ಆದ್ರೆ ಸಹಿಸ್ಕೊಳ್ಳಿ.

ಮೊದಲನೆಯವನು ಛತ್ತೀಸ್‌ಗಢದ ಕೊರ್ಬಾ ಕಡೆ ಒಂದು ಓಪನ್‌ಕಾಸ್ಟ್ (ನೆಲದ ಮೇಲಿಂದ್ಲೇ ಅಗೆಯೋ) ಕಲ್ಲಿದ್ದಲು ಗಣಿಯ ಪ್ಲಾನಿಂಗ್ ಸೆಕ್ಷನ್ನಲ್ಲಿರೋ ಹುಡುಗ, ಸುರತ್ಕಲ್ಲಲ್ಲಿ ಮೈನಿಂಗ್ ಓದಿದವನು. ಅವನ ಪಿಟ್ (ಅಗೀತಿರೋ ಗುಂಡಿ) ಇನ್ನೂ ಹನ್ನೆರಡು ವರ್ಷ ನಡೀಬೇಕು, ಮುಂದೆ ಹೋಗೋ ದಿಕ್ಕಲ್ಲೇ ಒಂದು ನಾಲಾ, ಅಂದ್ರೆ ಹಳ್ಳ, ಅಡ್ಡ ಮಲಗಿದೆ. "ಅಣ್ಣಾ, ಏರಿ ಕಟ್ಟಿ ನಾಲಾನ ಅಲ್ಲೇ ಬಿಡೋದಾ ಇಲ್ಲಾ ತಿರುಗಿಸೋದಾ, ಸಾಹೇಬ್ರು ಮಳೆಗಾಲದೊಳಗೆ ಡ್ರಾಯಿಂಗ್ ಕೇಳ್ತಿದಾರೆ" ಅಂತ. ಎರಡನೆಯವರು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಲ್ಲಿ, ಮೊರಾನ್ಬಾ ಹತ್ರ, ಎನ್ವಿರಾನ್ಮೆಂಟ್ ವಿಭಾಗ ನೋಡ್ಕೊಳ್ಳೋ ಮೇಡಂ. ಅವರ ತಲೆನೋವು ಉಲ್ಟಾ, 80ರ ದಶಕದಲ್ಲಿ ಯಾರೋ ನೆಟ್ಟಗೆ ತೋಡಿಟ್ಟ ಕಾಲುವೆ ಈಗ ಎರಡೂ ದಂಡೆ ಕುಸೀತಿದೆ, ಗಣಿ ಕೆಲವೇ ವರ್ಷದಲ್ಲಿ ಮುಚ್ಚತ್ತೆ, ಇದನ್ನ ರಿಪೇರಿ ಮಾಡೋದಾ, ಕಿತ್ತು ಹೊಸದಾಗಿ ಮಾಡೋದಾ, ಇಲ್ಲಾ ಹೊಳೆನ ಪಿಟ್ಟಿಗೇ ಬಿಟ್ಟು ಕೆರೆ ಮಾಡೋದಾ. ಮೂರನೆಯವರು ನಮ್ಮ ಸಂಡೂರಿನವರು, "ಗುಡ್ಡದ ಮೇಲಿನ ಹಳ್ಳಾನೂ ಹಿಂಗೇ ತಿರುಗಿಸ್ಬೇಕೇನ್ರೀ" ಅಂತ.

ಸಂಡೂರಿನವರಿಗೆ ಮೊದಲು ಹೇಳ್ಬಿಡ್ತೀನಿ, ಯಾಕಂದ್ರೆ ಅದು ಸುಲಭ. ನಿಮ್ಮ ಕಬ್ಬಿಣದ ಅದಿರಿನ ಗಣಿ ಇರೋದು ಗುಡ್ಡದ ನೆತ್ತಿ ಮೇಲೆ, ಹಳ್ಳ ಹುಟ್ಟೋದೇ ಅಲ್ಲಿ, ತಿರುಗಿಸೋಕೆ ಅಂತ ದೊಡ್ಡ ಹೊಳೆ ಮೇಲಿಂದ ಬರೋದೇ ಇಲ್ಲ. ನಿಮಗೆ ಬೇಕಿರೋದು ಡಂಪ್ (ಬೇಡದ ಮಣ್ಣು-ಕಲ್ಲಿನ ಗುಡ್ಡೆ) ಸುತ್ತ ಮಾಲೆ ಥರ ತೋಡೋ ಗಾರ್ಲೆಂಡ್ ಡ್ರೈನು, ಡಂಪಿನ ಬುಡಕ್ಕೆ ತಡೆಗೋಡೆ, ಕೊರಕಲುಗಳಿಗೆ ಅಡ್ಡ ಕಲ್ಲು ಪೇರಿಸೋ ಗಲ್ಲಿ ಪ್ಲಗ್ಗು, ಚೆಕ್ ಡ್ಯಾಮು, ಕೆಂಪು ನೀರು ನಿಂತು ಹೂಳು ಇಳಿಯೋಕೆ ಹೊಂಡ. 2011ರಲ್ಲಿ ಗಣಿಗಾರಿಕೆ ನಿಂತು ಆಮೇಲೆ ಸುಪ್ರೀಂ ಕೋರ್ಟು ಆರ್ ಅಂಡ್ ಆರ್ ಪ್ಲಾನ್ (ಕೆಟ್ಟ ನೆಲ ಸರಿಪಡಿಸೋ ಯೋಜನೆ) ಇಲ್ಲದೆ ಶುರು ಮಾಡಂಗಿಲ್ಲ ಅಂದಾಗ ಬರೆಸಿದ್ದೂ ಇದನ್ನೇ. ಡ್ರೈನಿನ ಅಳತೆಗೆ ಪರಿಸರ ಅನುಮತಿ ಪತ್ರಗಳಲ್ಲಿ ಮಾಮೂಲಾಗಿ ಒಂದು ಷರತ್ತು ಬರತ್ತೆ ನೋಡಿ, ಹಠಾತ್ ಸುರಿಯೋ ಜೋರು ಮಳೆ ಲೆಕ್ಕ ಹಾಕಿ ಅದರ ಮೇಲೆ 50% ಜಾಸ್ತಿ ಇಟ್ಕೊಳ್ಳಿ ಅಂತ, ಅದನ್ನ ಪಾಲಿಸಿ ಸಾಕು. ಇನ್ನು ಮುಂದಿನದು ಉಳಿದಿಬ್ಬರಿಗೆ.

ದಾರಿ ನೋಡೋಕೆ ಮುಂಚೆ ಅಳತೆಗೋಲು

ಎಲ್ಲರೂ ಮೊದಲು ಕೇಳೋದು ಕ್ಯುಬಿಕ್ ಮೀಟರಿಗೆ ಅಗೆತ ಎಷ್ಟು ಬೀಳತ್ತೆ ಅಂತ. ನಾನು ಮೊದಲು ಕೇಳೋದು ಈ ಕಾಲುವೆ ಎಷ್ಟು ವರ್ಷ ಬದುಕಬೇಕು ಅಂತ. ಗಣಿಗೆ ಹನ್ನೆರಡು ವರ್ಷ ವಯಸ್ಸು, ಸರಿ, ಹದಿಮೂರನೇ ವರ್ಷ ಹೊಳೆ ಎಲ್ಲಿ ಹೋಗತ್ತೆ? ಪಿಟ್ ಮುಚ್ಚಿ ಹಳೇ ಪಾತ್ರಕ್ಕೇ ಬಿಡ್ತೀರಾದ್ರೆ ಅದು ತಾತ್ಕಾಲಿಕ ಕಾಲುವೆ. ಪಿಟ್ ಗುಂಡಿಯಾಗೇ ಉಳಿಯತ್ತೆ ಅಂದ್ರೆ ನೀವು ತೋಡಿದ್ದೇ ಇನ್ನು ಮುಂದೆ ಹೊಳೆ, ನಿಮ್ಮ ಕಂಪನಿ ಹೋದ್ಮೇಲೂ ಅದೇ ಹೊಳೆ.

ಇದನ್ನ ಲೆಕ್ಕದಲ್ಲಿ ನೋಡಿ. "ನೂರು ವರ್ಷಕ್ಕೊಮ್ಮೆ ಬರೋ ಪ್ರವಾಹ" ಅನ್ನೋ ಮಾತು ಜನರನ್ನ ಸಖತ್ ದಾರಿ ತಪ್ಪಿಸತ್ತೆ, ಅದರ ಅರ್ಥ ಯಾವುದೇ ಒಂದು ವರ್ಷದಲ್ಲಿ ಬರೋ ಸಾಧ್ಯತೆ ನೂರಕ್ಕೆ ಒಂದು ಅಂತ ಅಷ್ಟೇ. ಹನ್ನೆರಡು ವರ್ಷದ ಗಣಿಗೆ ಅದು ಒಂದು ಸಲನಾದ್ರೂ ಬರೋ ಸಾಧ್ಯತೆ ಸುಮಾರು 11%. ಐವತ್ತು ವರ್ಷದ್ದಕ್ಕೆ ಡಿಸೈನ್ ಮಾಡಿದ್ರೆ ಮೀರೋ ಸಾಧ್ಯತೆ 21% ದಾಟತ್ತೆ, ಅಂದ್ರೆ ಐದರಲ್ಲಿ ಒಂದು. ಅದೇ ಕಾಲುವೆ ನೂರು ವರ್ಷ ಇರ್ಬೇಕು ಅಂದ್ರೆ ನೂರು ವರ್ಷದ ಪ್ರವಾಹ ಬರೋ ಸಾಧ್ಯತೆ 63%, ಬರದೇ ಇರೋದಕ್ಕಿಂತ ಬರೋದೇ ಜಾಸ್ತಿ ಅಂತ ಇಟ್ಕೊಳ್ಳಿ. ಹಾಗಾಗಿ ವಯಸ್ಸು ತೀರ್ಮಾನ ಆಗದೆ ಬೇರೆ ಏನೂ ತೀರ್ಮಾನ ಆಗಲ್ಲ.

ಎರಡನೇದು ಇಳಿಜಾರು. ಇದರ ಬಗ್ಗೆ ಜಾಸ್ತಿ ಹೇಳ್ತೀನಿ, ನಾನು ನೋಡಿದ ಕೆಟ್ಟ ಕಾಲುವೆಗಳಲ್ಲಿ ಮುಕ್ಕಾಲು ಪಾಲು ಕೆಟ್ಟಿದ್ದು ಇಲ್ಲೇ. ಹೊಳೆ ಸುತ್ತಿ ಬಳಸಿ ಹರಿಯೋದು ಸೋಮಾರಿತನಕ್ಕಲ್ಲ, ಅದರ ಶಕ್ತಿ ಖರ್ಚಾಗೋದೇ ಆ ತಿರುವುಗಳಲ್ಲಿ. ನಿಮ್ಮ ನಾಲಾ 4 ಕಿಲೋಮೀಟರ್ ಉದ್ದ ಸುತ್ತಿಕೊಂಡು ಒಟ್ಟು 4 ಮೀಟರ್ ಇಳೀತಿದೆ ಅಂತ ಇಟ್ಕೊಳ್ಳಿ, ಸಾವಿರಕ್ಕೆ ಒಂದು ಇಳಿಜಾರು. ನೀವು ನೆಟ್ಟಗೆ 2 ಕಿಲೋಮೀಟರ್ ಕಾಲುವೆ ತೋಡಿದ್ರಿ, ಅಗೆತ ಅರ್ಧ ಉಳೀತು, ಸಾಹೇಬ್ರು ಖುಷಿ. ಆದ್ರೆ ಮೇಲಿನ ತುದಿ, ಕೆಳಗಿನ ತುದಿ ಎರಡೂ ಇದ್ದಲ್ಲೇ ಇದಾವೆ, 4 ಮೀಟರ್ ಇಳಿಯೋದು ಇಳೀಲೇಬೇಕು, ಇಳಿಜಾರು ಡಬಲ್ ಆಯ್ತು. ಎರಡು ವರ್ಷಕ್ಕೊಮ್ಮೆ ಬರೋ ಪ್ರವಾಹ ಸೆಕೆಂಡಿಗೆ 200 ಕ್ಯುಬಿಕ್ ಮೀಟರ್, ಪಾತ್ರದ ಅಗಲ 40 ಮೀಟರ್ ಅಂದ್ರೆ, ನೀರಿನ ತೂಕ, ಹರಿವು, ಇಳಿಜಾರು ಮೂರನ್ನೂ ಗುಣಿಸಿ ಅಗಲದಿಂದ ಭಾಗಿಸಿದ್ರೆ ಹಳೇ ಹೊಳೇಲಿ ತಳದ ಮೇಲೆ ಬೀಳೋ ಶಕ್ತಿ ಚದರ ಮೀಟರಿಗೆ 49 ವ್ಯಾಟ್. ಹೊಸದರಲ್ಲಿ 98.

98 ಅಂದ್ರೆ ಒಳ್ಳೇದಾ ಕೆಟ್ಟದ್ದಾ? ಇದಕ್ಕೆ ಕ್ವೀನ್ಸ್‌ಲ್ಯಾಂಡಿನ ಬೋವೆನ್ ಬೇಸಿನ್ ಅನ್ನೋ ಕಲ್ಲಿದ್ದಲು ಸೀಮೆಯವರು ತಪ್ಪು ಮಾಡಿ ಮಾಡಿ ಕಲಿತು ಅಂಕಿ ಇಟ್ಟಿದಾರೆ. 70, 80ರ ದಶಕದಲ್ಲಿ ಅಲ್ಲಿ ಎಲ್ಲರೂ ಚಿಕ್ಕದಾಗಿ ನೆಟ್ಟಗೆ ತೋಡಿದ್ರು, ಕೊರೆದು ಹೋಯ್ತು, ಆಮೇಲೆ ಕಲ್ಲಿದ್ದಲು ಉದ್ಯಮದ ದುಡ್ಡಲ್ಲೇ ಅಧ್ಯಯನ ಮಾಡಿಸಿ 2002ರ ಹೊತ್ತಿಗೆ ಮಾನದಂಡ ಬಂತು. ಆಳವಾಗಿ ಕೊರೆದ ಪಾತ್ರದ ಹೊಳೆಗೆ ಎರಡು ವರ್ಷದ ಪ್ರವಾಹದಲ್ಲಿ ಚದರ ಮೀಟರಿಗೆ 20ರಿಂದ 60 ವ್ಯಾಟ್, ವೇಗ ಸೆಕೆಂಡಿಗೆ 1ರಿಂದ 1.5 ಮೀಟರ್. ಐವತ್ತು ವರ್ಷದ ಪ್ರವಾಹದಲ್ಲಿ 150 ವ್ಯಾಟ್‌ವರೆಗೆ, 2.5 ಮೀಟರ್‌ವರೆಗೆ. ನಮ್ಮ ಹಳೇ ಹೊಳೆ ಇದರೊಳಗೆ ಆರಾಮಾಗಿ ಕೂತಿದೆ, ನೆಟ್ಟಗಿನ ಕಾಲುವೆ ಹೊರಗೆ ಬಿತ್ತು. ಈ ಅಂಕಿನ ಹಾಗೇ ಕೊರ್ಬಾಗೆ ತಂದು ಅಂಟಿಸ್ಬೇಡ ಮಾರಾಯ, ಮಣ್ಣು ಬೇರೆ ಮಳೆ ಬೇರೆ. ತರಬೇಕಾದ್ದು ವಿಧಾನ. ನಿನ್ನ ನಾಲಾದಲ್ಲೇ ಯಾರೂ ಮುಟ್ಟದ ಒಂದು ಕಿಲೋಮೀಟರ್ ಆರಿಸ್ಕೋ, ಅಲ್ಲಿ ಅಗಲ, ಇಳಿಜಾರು, ದಂಡೆ ಎತ್ತರ ಅಳೆ, ಅಲ್ಲಿ ಎಷ್ಟು ವ್ಯಾಟ್ ಬರತ್ತೋ ಹೊಸ ಕಾಲುವೆಯಲ್ಲೂ ಅದರ ಆಸುಪಾಸಲ್ಲೇ ಇರ್ಲಿ.

ಇಳಿಜಾರಿನ ಪಾಪ ನಿಮ್ಮ ಕಾಲುವೆಯೊಳಗೇ ತೀರಲ್ಲ ಅನ್ನೋದು ಇನ್ನೊಂದು. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಂದು ಸೈಟಲ್ಲಿ (ಹೆಸರು ಬೇಡ) ಹೀಗೇ ಗಿಡ್ಡ ಕಾಲುವೆ ತೋಡಿದ್ರು. ಮೊದಲನೇ ಮಳೆಗಾಲ ಮುಗಿದ್ಮೇಲೆ ನೋಡಿದ್ರೆ ಕಾಲುವೆ ಪರವಾಗಿಲ್ಲ ಅನ್ಸಿತ್ತು, ಮೇಲ್ಗಡೆ ಹೊಳೆ ತಳದಲ್ಲಿ ಮೊಣಕಾಲೆತ್ತರದ ಒಂದು ಮೆಟ್ಟಿಲು ಮಾತ್ರ ಎದ್ದಿತ್ತು, ನೀರು ಅದರ ಮೇಲಿಂದ ಸಣ್ಣ ಜಲಪಾತದ ಥರ ಧುಮುಕ್ತಿತ್ತು, ಫೋಟೋ ತೆಗೆದು ನಕ್ಕು ಬಂದ್ವಿ. ಮುಂದಿನ ವರ್ಷ ಆ ಮೆಟ್ಟಿಲು ಅರ್ಧ ಕಿಲೋಮೀಟರ್ ಮೇಲಕ್ಕೆ ನಡೆದಿತ್ತು, ಆಳು ಎತ್ತರ ಆಗಿತ್ತು, ಹಳ್ಳಿ ರಸ್ತೆಯ ಮೋರಿಯ ಪಾಯ ಗಾಳೀಲಿ ನೇತಾಡ್ತಿತ್ತು, ಕೆಳಗೆ ಬಗ್ಗಿ ನೋಡಿದ್ರೆ ಕಾಂಕ್ರೀಟಿನ ಅಡಿಭಾಗಕ್ಕೆ ಅಂಟಿದ್ದ ಹಳೇ ಶಟರಿಂಗ್ ಹಲಗೆ ಕಾಣಿಸ್ತಿತ್ತು. ಹೊಳೆ ತನಗೆ ಬೇಕಾದ ಇಳಿಜಾರನ್ನ ಮೇಲ್ಗಡೆಯಿಂದ ತಾನೇ ಅಗೆದು ತಗೋತಿತ್ತು. ಆ ಮಣ್ಣೆಲ್ಲ ಕೆಳಗಿನ ರೈತರ ಪಂಪ್‌ಸೆಟ್ ಗುಂಡಿ ತುಂಬ್ತು.

ಮೂರನೇದು ಮಣ್ಣು. ಲ್ಯಾಬ್ ರಿಪೋರ್ಟ್ ಬರೋ ಮುಂಚೆ ಒಂದು ಕೆಲಸ ಮಾಡಿ, ಕಾಲುವೆ ಹಾದುಹೋಗೋ ದಾರೀಲಿ ಬೇರೆ ಬೇರೆ ಆಳದಿಂದ ಒಣ ಮಣ್ಣಿನ ಹೆಂಟೆ ತನ್ನಿ, ಬಟಾಣಿ ಗಾತ್ರಕ್ಕೆ ಮುರೀರಿ, ಗಾಜಿನ ಲೋಟದಲ್ಲಿ ಡಿಸ್ಟಿಲ್ಡ್ ನೀರು ಹಾಕಿ (ಬ್ಯಾಟರಿಗೆ ಹಾಕೋದು ಸಾಕು) ಮೆಲ್ಲಗೆ ಒಂದು ತುಂಡು ಇಳಿಬಿಡಿ, ಅಲ್ಲಾಡಿಸ್ಬೇಡಿ. ಬರೀ ಪುಡಿಪುಡಿಯಾಗಿ ಕುಸಿದು ನೀರು ತಿಳಿಯಾಗೇ ಇದ್ರೆ ಒಂದು ಥರ ಪರವಾಗಿಲ್ಲ. ತುಂಡಿನ ಸುತ್ತ ಹಾಲು ಬಿದ್ದ ಹಾಗೆ ಮಂಜು ಮಂಜಾಗಿ ಹರಡಿ, ಎರಡು ಗಂಟೆ ಬಿಟ್ಟು ನೋಡಿದ್ರೆ ಲೋಟದ ತಳನೇ ಕಾಣದಿದ್ರೆ ಅದು ಸೋಡಿಯಂ ಜಾಸ್ತಿ ಇರೋ ಮಣ್ಣು, ನೀರು ಸೋಕಿದ್ರೆ ಸಾಕು ಕಣಕಣ ಬಿಟ್ಕೊಳ್ಳತ್ತೆ. ಇಂಥದ್ದರಲ್ಲಿ ದಂಡೆಯ ಮೇಲ್ಮೈ ಚೆನ್ನಾಗೇ ಇರತ್ತೆ, ಒಳಗೆ ಇಲಿ ಬಿಲದ ಥರ ಸುರಂಗ ಆಗಿರತ್ತೆ, ಒಂದು ದಿನ ಧಪ್ ಅಂತ ಕೂರತ್ತೆ. ಬೋವೆನ್ ಬೇಸಿನ್ನಲ್ಲಿ ಇದು ಮಾಮೂಲು, ಜಿಪ್ಸಂ ಬೆರೆಸ್ತಾರೆ, ಒಳ್ಳೇ ಮಣ್ಣಿನ ಹೊದಿಕೆ ಹಾಕ್ತಾರೆ. ಕಪ್ಪು ಮಣ್ಣಾದ್ರೆ, ಉದಾಹರಣೆಗೆ ನಮ್ಮ ಕರ್ನಾಟಕ ವಿದ್ಯುತ್ ನಿಗಮದ (ಕೆಪಿಸಿಎಲ್) ಬಾರಂಜ್ ಗಣಿ ಇರೋ ಚಂದ್ರಾಪುರದ ಕಡೆ, ಬೇಸಿಗೇಲಿ ಬಿರುಕು ಬಿಟ್ಟು ಮಳೇಲಿ ಉಬ್ಬೋದು ಬೇರೆ ಕಾಟ. ಅಂಥ ಕಡೆ ದಂಡೆಯ ಇಳಿಜಾರನ್ನ ಇನ್ನೂ ಚಪ್ಪಟೆ ಮಾಡ್ಬೇಕು, ಅಂದ್ರೆ ಇನ್ನೂ ಅಗಲ ಜಾಗ ಬೇಕು.

ನಾಲ್ಕನೇದು ಒಡೆದ್ರೆ ಏನಾಗತ್ತೆ. ಕೆಳಗೆ ಜನ ಇದಾರಾ ಅಥವಾ ಬರೀ ಪಂಪು, ಶೋವೆಲ್ಲು (ಅಗೆಯೋ ಯಂತ್ರ) ಇದಾವಾ? 1995ರ ಸೆಪ್ಟೆಂಬರಲ್ಲಿ ಧನ್‌ಬಾದ್ ಕಡೆ ಕತ್ರಿ ನದಿ ಉಕ್ಕಿ ಗಸ್ಲಿಟಾಂಡ್ ಗಣಿಯೊಳಗೆ ನುಗ್ಗಿ 64 ಜನ ಸತ್ರು, ಅದು ಅಂಡರ್‌ಗ್ರೌಂಡ್. ನಿಮ್ಮ ಓಪನ್‌ಕಾಸ್ಟ್ ಪಕ್ಕದಲ್ಲಿ ಹಳೇ ಅಂಡರ್‌ಗ್ರೌಂಡ್ ಗಣಿ ಏನಾದ್ರೂ ಇದ್ರೆ, ಅದಕ್ಕೂ ಹೊಳೆಗೂ ಎಲ್ಲಿ ಸಂಪರ್ಕ ಆಗಬಹುದು ಅಂತ ಹಳೇ ಮ್ಯಾಪ್ ತೆಗೆಸಿ ನೋಡದೆ ಮುಂದೆ ಹೋಗ್ಲೇಬೇಡಿ. ಐದನೇದು ಜಾಗ ಮತ್ತು ದುಡ್ಡು, ಅದನ್ನ ಒಂದೊಂದು ದಾರಿ ಜೊತೇಲೇ ಹೇಳ್ತೀನಿ.

ದಾರಿ ಒಂದು: ಹೊಳೆ ಮುಟ್ಟಬೇಡಿ, ಏರಿ ಕಟ್ಟಿ

ಹೊಳೆ ಇದ್ದಲ್ಲೇ ಇರತ್ತೆ, ಪಿಟ್ಟಿಗೂ ಅದಕ್ಕೂ ಮಧ್ಯ ಜಾಗ ಬಿಟ್ಟು ಏರಿ. ಮೀನು, ಮರ, ಕೆಳಗಿನ ಊರಿನ ನೀರು ಯಾವುದಕ್ಕೂ ತೊಂದರೆ ಕಮ್ಮಿ, ಪರ್ಮಿಷನ್ ಸಿಗೋದೂ ಸುಲಭ. ನಷ್ಟ ಅಂದ್ರೆ ಹೊಳೆ ಕೆಳಗಿನ ಕಲ್ಲಿದ್ದಲು ಅಲ್ಲೇ ಉಳಿಯತ್ತೆ. ಆ ಟನ್ನುಗಳ ಬೆಲೆ ಒಂದು ಕಡೆ, ತಿರುಗಿಸೋ ಖರ್ಚು ಜೊತೆಗೆ ಐವತ್ತು ವರ್ಷದ ನಿರ್ವಹಣೆ ಇನ್ನೊಂದು ಕಡೆ ಇಟ್ಟು ತೂಗಿ. ನಿರ್ವಹಣೆ ಸೇರಿಸದೆ ತೂಗೋರೇ ಜಾಸ್ತಿ, ಅದಕ್ಕೇ ತಿರುಗಿಸೋದು ಯಾವಾಗ್ಲೂ ಲಾಭ ಅನ್ಸತ್ತೆ.

ಏರಿ ಮೋಸ ಮಾಡೋದು ಮೂರು ಕಡೆ. ಒಂದು, ಎತ್ತರ. 2008ರ ಜನವರಿಯಲ್ಲಿ ಕ್ವೀನ್ಸ್‌ಲ್ಯಾಂಡಿನ ಎನ್‌ಶಾಮ್ ಗಣಿಗೆ ನೊಗೋವಾ ನದಿ ನುಗ್ಗಿ ಪಿಟ್ಟುಗಳು ತುಂಬಿ ಡ್ರಾಗ್‌ಲೈನ್ ಅನ್ನೋ ದೈತ್ಯ ಅಗೆಯೋ ಯಂತ್ರಾನೇ ಮುಳುಗಿ ನಿಂತಿತ್ತು. ನಮ್ಮಲ್ಲಿ 2019ರ ಸೆಪ್ಟೆಂಬರ್ ಕೊನೇಲಿ ಲೀಲಾಗರ್ ನದಿ ನೀರು ದೀಪ್ಕಾ ಗಣಿಗೆ ನುಗ್ಗಿದ್ದು ಕೊರ್ಬಾ ಹುಡುಗನಿಗೆ ನಾನು ಹೇಳೋದೇ ಬೇಡ. ಎರಡು, ದೂರ. 2007ರ ನವೆಂಬರಲ್ಲಿ ವಿಕ್ಟೋರಿಯಾದ ಯಲೋರ್ನ್ ಗಣಿಯಲ್ಲಿ ಲಟ್ರೋಬ್ ನದಿ ಏರಿ ಹತ್ತಿ ಬರಲಿಲ್ಲ, ಪಿಟ್ಟಿನ ಗೋಡೆನೇ ನದಿ ಕಡೆಯಿಂದ ಜಾರಿ ಕುಸೀತು, ನದಿ ಒಳಗೆ ಬಂತು. ಕಲ್ಲಿದ್ದಲಿನ ಬಿರುಕಿನೊಳಗೆ ನೀರಿನ ಒತ್ತಡ ಕೂತ್ರೆ ಎಷ್ಟು ಎತ್ತರದ ಏರಿ ಇದ್ರೂ ಏನೂ ಉಪಯೋಗ ಇಲ್ಲ, ಹಾಗಾಗಿ ಮಧ್ಯದ ಜಾಗ ಎಷ್ಟು ಅಂತ ಹೇಳ್ಬೇಕಾದವರು ಜಿಯೋಟೆಕ್ನಿಕಲ್‌ನವರು (ನೆಲದ ಗಟ್ಟಿತನ ನೋಡೋರು), ಪ್ರೊಡಕ್ಷನ್‌ನವರಲ್ಲ. ಮೂರು, ಎದುರು ದಂಡೆ. ನೀವು ಈ ಕಡೆ ಏರಿ ಎತ್ತಿದ್ರೆ ನೀರು ಆ ಕಡೆ ರೈತನ ಗದ್ದೆಗೆ ಜಾಸ್ತಿ ಹತ್ತತ್ತೆ, ಎಷ್ಟು ಸೆಂಟಿಮೀಟರ್ ಜಾಸ್ತಿ ಅಂತ ಮೊದಲೇ ಮಾಡೆಲ್ ಮಾಡಿ ಅವರಿಗೆ ಹೇಳೋದು ನ್ಯಾಯ, ಕೋರ್ಟಿಗಿಂತ ಅಗ್ಗ ಕೂಡ.

ಪಿಟ್ಟಿನ ವಯಸ್ಸು ಕಮ್ಮಿ, ಹೊಳೆ ಅಂಚಲ್ಲಿದೆ, ಕೆಳಗೆ ಸಿಗೋ ಕಲ್ಲಿದ್ದಲು ತೆಳು ಪದರ ಅಂದ್ರೆ ಇದೇ ಸರಿ, ಕಣ್ಣು ಮುಚ್ಕೊಂಡು.

ದಾರಿ ಎರಡು: ನೆಟ್ಟಗೆ ಕಾಲುವೆ, ಕಲ್ಲು ಪಿಚಿಂಗ್ (ಕಲ್ಲಿನ ಹೊದಿಕೆ) ಅಥವಾ ಕಾಂಕ್ರೀಟು

ಬೇಗ ಆಗತ್ತೆ, ಜಾಗ ಕಮ್ಮಿ, ಕಂಟ್ರಾಕ್ಟರಿಗೆ ಗೊತ್ತಿರೋ ಕೆಲಸ. ಶಕ್ತಿ ಜಾಸ್ತಿ ಆದ್ರೂ ಕಲ್ಲು ತಡ್ಕೊಳ್ಳತ್ತೆ ಅನ್ನೋದು ಲೆಕ್ಕಾಚಾರ. ತಡ್ಕೊಳ್ಳತ್ತೆ, ಮಧ್ಯದಲ್ಲಿ. ಹೋಗೋದು ತುದಿಗಳಲ್ಲಿ, ಪಿಚಿಂಗ್ ಮುಗಿದು ಮಣ್ಣು ಶುರುವಾಗೋ ಜಾಗದಲ್ಲಿ. ಕಲ್ಲಿನ ಕೆಳಗೆ ಫಿಲ್ಟರ್ ಪದರ ಇಲ್ಲದೆ ನೇರ ಮಣ್ಣಿನ ಮೇಲೆ ಸುರಿದಿದ್ರೆ ಅದು ಒಂದೊಂದೇ ಕಲ್ಲು ಕೂತು ಕೂತು ಹೋಗತ್ತೆ, ಮೇಲಿಂದ ಇನ್ನಷ್ಟು ಸುರೀತಾರೆ, ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ.

ಅದಕ್ಕೆ ಇದನ್ನ ನಾನು ತಾತ್ಕಾಲಿಕ ಕಾಲುವೆಗೆ ಮಾತ್ರ ಒಪ್ಪೋದು, ಐದು-ಎಂಟು ವರ್ಷ, ಆಮೇಲೆ ಹೊಳೆ ವಾಪಸ್ ಅನ್ನೋದು ಬರವಣಿಗೇಲಿ ಇದ್ರೆ. ಅದರಲ್ಲೂ ಇಳಿಜಾರನ್ನ ಉದ್ದಕ್ಕೂ ಹಂಚದೆ, ಕಾಲುವೆನ ಚಪ್ಪಟೆ ಇಟ್ಟು ಉಳಿದ ಇಳಿತವನ್ನ ಒಂದೆರಡು ಕಡೆ ಗಟ್ಟಿ ಕಲ್ಲಿನ ಜಾರುಬಂಡಿ ಥರ ಕಟ್ಟಿ ಅಲ್ಲೇ ಇಳಿಸೋದು ವಾಸಿ, ನೋಡ್ಕೊಳ್ಳೋ ಜಾಗ ಎರಡೇ ಆಗತ್ತೆ. ಶಾಶ್ವತಕ್ಕೆ ಅಂತ ಇದನ್ನ ಯಾರಾದ್ರೂ ತೋರಿಸಿದ್ರೆ, ಗಣಿ ಮುಚ್ಚಿದ ಮೇಲೆ ಆ ಕಲ್ಲು ಜೋಡಿಸೋನು ಯಾರು ಅಂತ ಕೇಳಿ. ಮೀಟಿಂಗಲ್ಲಿ ಎಲ್ಲರೂ ಫೋನ್ ನೋಡ್ತಾರೆ.

ದಾರಿ ಮೂರು: ಹೊಳೆ ಥರಾನೇ ಹೊಳೆ

ತಿರುವು ಇಟ್ಟು, ಉದ್ದ ಇಟ್ಟು, ಬೇಸಿಗೆ ನೀರಿಗೆ ಒಳಗೊಂದು ಸಣ್ಣ ಪಾತ್ರ, ಅದರ ಪಕ್ಕ ಮಾಮೂಲು ಪ್ರವಾಹ ಹರಡೋಕೆ ಬೆಂಚು, ಅದರಾಚೆ ದೊಡ್ಡ ಪ್ರವಾಹಕ್ಕೆ ಬಯಲು. ಜಾಗ ಜಾಸ್ತಿ, ಅಗೆತ ಜಾಸ್ತಿ, ಗಿಡ ನಿಲ್ಲೋವರೆಗೆ ಎರಡು ಮೂರು ವರ್ಷ ನೀರು ಬಿಡದೆ ಕಾಯೋದು ಒಳ್ಳೇದು, ಅಂದ್ರೆ ಪ್ಲಾನಿಂಗ್ ಐದು ವರ್ಷ ಮುಂಚೆ ಶುರು ಆಗ್ಬೇಕು. ಹೊಳೆ ಶಾಶ್ವತವಾಗಿ ಅಲ್ಲೇ ಇರತ್ತೆ ಅಂದ್ರೆ ಕೊನೇಲಿ ಅಗ್ಗ ಬೀಳೋದು ಇದೇ ಅನ್ನೋದು ನನ್ನ ಅಭಿಪ್ರಾಯ, ಯಾಕಂದ್ರೆ ಉದ್ದ ಉಳಿಸಿದ ದುಡ್ಡು ಲಾಭ ಅಲ್ಲ, ಹೊಳೆ ಹತ್ರ ಮಾಡಿದ ಸಾಲ.

ಒಳ್ಳೇ ಉದಾಹರಣೆ ಜರ್ಮನಿಯ ಇಂಡೆ ನದಿ. ಇಂಡೆನ್ ಲಿಗ್ನೈಟ್ (ಕಂದು ಕಲ್ಲಿದ್ದಲು) ಗಣಿಗೋಸ್ಕರ ಸುಮಾರು 5 ಕಿಲೋಮೀಟರ್ ಹಳೇ ಪಾತ್ರ ಹೋಯ್ತು, ಅದರ ಬದಲು 2005ರಲ್ಲಿ ಗಣಿ ಸುತ್ತ ಸುಮಾರು 12 ಕಿಲೋಮೀಟರ್ ಹೊಸ ನದಿ ಮಾಡಿದ್ರು, ಗಿಡ್ಡ ಮಾಡೋ ಬದಲು ಉದ್ದ ಮಾಡಿದ್ರು ನೋಡಿ. ತಿರುವು, ಮರ, ಹಕ್ಕಿ ಎಲ್ಲಾ ಬಂತು. ಆದ್ರೆ ಅಲ್ಲಿಂದ್ಲೇ ಒಂದು ಪಾಠನೂ ಇದೆ. 2021ರ ಜುಲೈ ಪ್ರವಾಹದಲ್ಲಿ ಲಾಮರ್ಸ್‌ಡೋರ್ಫ್ ಹತ್ರ ನೀರು ಉಕ್ಕಿ, ತನ್ನ ಹಳೇ ಪಾತ್ರದ ದಾರಿ ಹಿಡಿದು ಸೀದಾ ಗಣಿಗೆ ಇಳೀತು, ಒಬ್ಬ ಕೆಲಸಗಾರ ಸತ್ತ. ಹದಿನಾರು ವರ್ಷ ಆದ್ಮೇಲೂ ಹೊಳೆಗೆ ತವರಿನ ದಾರಿ ನೆನಪಿತ್ತು. ಹಾಗಾಗಿ ಹೊಸ ಪಾತ್ರಕ್ಕೆ ಎಷ್ಟು ಖರ್ಚು ಮಾಡ್ತೀರೋ, ಹಳೇ ಪಾತ್ರದ ಬಾಯಿ ಮುಚ್ಚೋ ಏರಿಗೂ ಅಷ್ಟೇ ಶ್ರದ್ಧೆ ಇರ್ಲಿ, ಅದು ಕಾಲುವೆಗಿಂತ ದೊಡ್ಡ ಪ್ರವಾಹಕ್ಕೆ ಡಿಸೈನ್ ಆಗ್ಬೇಕು.

ಇನ್ನೊಂದು ಎಚ್ಚರಿಕೆ, ಆಕಾರ ಹೊಳೆಯಂಗಿದ್ರೆ ಸಾಲದು. ಆಸ್ಟ್ರೇಲಿಯಾದ ಉತ್ತರದಲ್ಲಿ ಮ್ಯಾಕ್‌ಆರ್ಥರ್ ನದಿಯನ್ನ ಸೀಸ-ಸತುವಿನ ಗಣಿಗೋಸ್ಕರ 5.5 ಕಿಲೋಮೀಟರ್ ತಿರುಗಿಸಿದ್ರಲ್ಲ, ಅಲ್ಲಿ ವರ್ಷಗಟ್ಟಲೆ ದಂಡೆ ಬೋಳು ಬೋಳು, ಸಸಿ ನೆಡೋದು ಪ್ರವಾಹ ಎತ್ಕೊಂಡು ಹೋಗೋದು, ನೆರಳಿಲ್ಲ, ಮೀನು ನಿಲ್ಲೋಕೆ ಜಾಗ ಇಲ್ಲ. ಆಮೇಲೆ ದೊಡ್ಡ ದೊಡ್ಡ ಮರದ ದಿಮ್ಮಿ ತಂದು ಪಾತ್ರದಲ್ಲಿ ಹಾಕಿದ್ರು, ದಿಮ್ಮಿ ಹಿಂದೆ ನೀರು ನಿಧಾನ ಆಗತ್ತೆ, ಹೂಳು ನಿಲ್ಲತ್ತೆ, ಮೀನು ಸೇರ್ಕೊಳ್ಳತ್ತೆ. ನಿಮ್ಮ ಗಣಿ ಮುಂದೆ ಹೋಗೋವಾಗ ಕಡಿಯೋ ಮರ ಇರತ್ತಲ್ಲ, ಅದರ ಬುಡ ಬೇರು ಸಮೇತ ಒಂದಷ್ಟು ಎತ್ತಿಡಿ, ಸೌದೆಗೆ ಮಾರ್ಬೇಡಿ. ಮೇಲ್ಮಣ್ಣೂ ಹಾಗೇ, ಡಂಪಿನ ಅಡೀಲಿ ಹೂತು ಹಾಕಿ ಆಮೇಲೆ ಗಿಡ ಬರ್ತಿಲ್ಲ ಅಂತ ಅಳೋದು ಎಲ್ಲಾ ದೇಶದಲ್ಲೂ ನೋಡಿದೀನಿ.

ದಾರಿ ನಾಲ್ಕು: ತುಂಬಿದ ಪಿಟ್ಟಿನ ಮೇಲೇ ಹೊಳೆ

ಕಲ್ಲಿದ್ದಲು ತೆಗೆದು ಆಯ್ತು, ಗುಂಡಿಗೆ ಓಬಿ (ಕಲ್ಲಿದ್ದಲಿನ ಮೇಲಿಂದ ತೆಗೆದ ಮಣ್ಣು-ಕಲ್ಲು) ತುಂಬಿದೀವಿ, ಅದರ ಮೇಲೇ ಹೊಳೆ ಹರಿಸೋಣ, ಬೇರೆ ಜಮೀನು ಬೇಡ. ಕಾಗದದ ಮೇಲೆ ಇದಕ್ಕಿಂತ ಚೆಂದ ಇನ್ನೊಂದಿಲ್ಲ. ಯಲೋರ್ನಲ್ಲಿ ಮಾರ್ವೆಲ್ ನದಿಯನ್ನ 2005ರಲ್ಲಿ ಹೀಗೇ ಗಣಿ ಗುಂಡಿ ದಾಟೋ ಮಣ್ಣಿನ ದಿಬ್ಬದ ಮೇಲೆ ಕಾಲುವೆ ಮಾಡಿ ಹರಿಸಿದ್ರು. 2012ರ ಜೂನ್ ಮಳೇಲಿ ಒಡೆದು ನದಿ ಗಣಿಯೊಳಗೆ ಸುರೀತು, ರಿಪೇರಿ ಆಯ್ತು, 2021ರ ಜೂನಲ್ಲಿ ಮತ್ತೆ ಜೋರು ಮಳೆಗೆ ಬಿರುಕು ಕಾಣಿಸ್ಕೊಂಡು ವಿಕ್ಟೋರಿಯಾ ಸರ್ಕಾರ ಎನರ್ಜಿ ಎಮರ್ಜೆನ್ಸಿನೇ ಘೋಷಣೆ ಮಾಡ್ತು, ಯಾಕಂದ್ರೆ ಆ ಗಣಿ ನಿಂತ್ರೆ ಪವರ್ ಸ್ಟೇಷನ್ ನಿಲ್ಲತ್ತೆ. ಪಾಪ, ಅವರೇನು ಅಡ್ನಾಡಿ ಕೆಲಸ ಮಾಡಿರ್ಲಿಲ್ಲ, ಎಂಜಿನಿಯರುಗಳು ಡಿಸೈನ್ ಮಾಡಿದ್ದೇ.

ಡಂಪರಿಂದ ಸುರಿದ ಓಬಿ ವರ್ಷಗಟ್ಟಲೆ ಕೂರ್ತಾನೇ ಇರತ್ತೆ, ಒಂದೇ ಸಮ ಅಲ್ಲ, ಇಲ್ಲಿ ಒಂದಡಿ ಅಲ್ಲಿ ಮೂರಡಿ. ಪಿಟ್ಟಿನ ಗಟ್ಟಿ ಅಂಚು ಮುಗಿದು ತುಂಬಿದ ಮಣ್ಣು ಶುರುವಾಗೋ ಗೆರೆಯಲ್ಲಿ ಬಿರುಕು ಬರತ್ತೆ, ಬಿರುಕಿಗೆ ನೀರು ಇಳೀತು ಅಂದ್ರೆ ಒಳಗಿಂದ ಕೊಚ್ಕೊಂಡು ಹೋಗತ್ತೆ. ಮಾಡ್ಲೇಬೇಕು ಅಂದ್ರೆ ಪದರ ಪದರ ಹಾಕಿ ರೋಲರ್ ಹೊಡೆದು ಡ್ಯಾಮ್ ಕಟ್ಟೋ ಥರ ಕಟ್ಟಬೇಕು, ಮಣ್ಣು ಕೂರೋದನ್ನ ಒಂದೆರಡು ಮಳೆಗಾಲ ಅಳೆದು ನೋಡಿ ಆಮೇಲೆ ನೀರು ಬಿಡಬೇಕು, ಕೆಳಗೆ ಇನ್ನೂ ಗಣಿ ಕೆಲಸ ನಡೀತಿದ್ರೆ ಬೇಡವೇ ಬೇಡ. ಪಿಟ್ ಪೂರ್ತಿ ತುಂಬಿ ಗಣಿ ಮುಚ್ಚಿದ ಮೇಲೆ, ಸಣ್ಣ ಹೊಳೆಗೆ ಅಂದ್ರೆ ಯೋಚನೆ ಮಾಡಬಹುದು.

ಪೈಪು, ಬಾಕ್ಸ್ ಮೋರಿ ಹಾಕಿ ಹೊಳೆನ ಹಾಯಿಸೋದು ಐದನೇ ದಾರಿ, ಅದಕ್ಕೆ ಎರಡೇ ಮಾತು. ಒಂದೆರಡು ಮಳೆಗಾಲಕ್ಕೆ, ಸಣ್ಣ ತೊರೆಗೆ ಸರಿ. ಒಂದು ಮರ ಅಡ್ಡ ಸಿಕ್ಕಿದ್ರೆ ನಿಮ್ಮ ಲೆಕ್ಕದ ಪುಸ್ತಕ ಎಲ್ಲಾ ಮುಗೀತು.

ಈಗ ಮೊರಾನ್ಬಾ ಮೇಡಂ ಕಾಲುವೆ: ರಿಪೇರಿನಾ, ಹೊಸದಾ, ಇಲ್ಲಾ ಪಿಟ್ಟಿಗೇ ಬಿಡೋದಾ

ಹಳೇ ಕಾಲುವೆ ನೋಡೋಕೆ ಹೋದಾಗ ದಂಡೆ ಕುಸಿದಿರೋ ಕಡೆಗೆ ಕಣ್ಣು ಹೋಗೋದು ಸಹಜ, ಆದ್ರೆ ಮೊದಲು ನೋಡಬೇಕಾದ್ದು ತಳ ಇನ್ನೂ ಇಳೀತಿದೆಯಾ ಅಂತ. ತಳ ಇಳೀತಿದ್ರೆ ದಂಡೆಗೆ ಏನು ಮಾಡಿದ್ರೂ ನೀರಲ್ಲಿ ಹೋಮ. ಹಳೇ ಸರ್ವೆ, ಈಗಿನ ಡ್ರೋನ್ ಸರ್ವೆ ಎರಡನ್ನೂ ಒಂದರ ಮೇಲೊಂದಿಟ್ಟು ನೋಡಿ. ತಳ ನಿಂತಿದೆ, ದಂಡೆ ಮಾತ್ರ ಅಗಲ ಆಗ್ತಿದೆ ಅಂದ್ರೆ ಹೊಳೆ ತನಗೆ ಬೇಕಾದ ಬಯಲನ್ನ ತಾನೇ ಮಾಡ್ಕೊಳ್ತಿದೆ, ನೀವು ಜೊತೆ ಸೇರಬಹುದು, ದಂಡೆನ ಚಪ್ಪಟೆ ಮಾಡಿ, ಬೆಂಚು ಕೊಟ್ಟು, ದಂಡೆಯಿಂದ ಒಳಕ್ಕೆ ಮರದ ಗೂಟಗಳ ಸಾಲು ಹೊಡೆದು. ಆ ಗೂಟದ ಸಾಲುಗಳ ಮಧ್ಯೆ ಎರಡು ಪ್ರವಾಹ ಹೋದ್ರೆ ಹೂಳು ಕಟ್ಟತ್ತೆ, ಹೂಳಲ್ಲಿ ಹುಲ್ಲು ತಾನಾಗೇ ಬರತ್ತೆ, ಗೂಟ ಕೊಳೆಯೋ ಹೊತ್ತಿಗೆ ಮರದ ಬೇರು ಹಿಡಿದಿರತ್ತೆ. ಕಲ್ಲಿಗಿಂತ ಅಗ್ಗ, ಆದ್ರೆ ತಾಳ್ಮೆ ಬೇಕು, ಮತ್ತೆ ಬೇಲಿ ಬೇಕು. ನಿಮ್ಮಲ್ಲಿ ದನದ ಮಂದೆ, ನಮ್ಮಲ್ಲಿ ಆಡು, ಎರಡಕ್ಕೂ ಸಸಿ ಅಂದ್ರೆ ಊಟ. (ನಮ್ಮ ಕಡೆಯವರು ಕೇಳಿದ್ರೆ: ನೀರಿನಂಚಿಗೆ ಲಾವಂಚ, ಲಕ್ಕಿ, ಮೇಲೆ ಹೊಳೆಮತ್ತಿ, ನೇರಳೆ, ಹೊಂಗೆ. ನೀಲಗಿರಿ ನೆಟ್ಟು ಫೋಟೋ ಹಾಕ್ಬೇಡಿ.)

ಪೂರ್ತಿ ಕಿತ್ತು ಹೊಸದು ಮಾಡೋದು ಇಳಿಜಾರು ಲೆಕ್ಕ ಎಷ್ಟು ಮಾಡಿದ್ರೂ ಕೂಡ್ತಿಲ್ಲ ಅಂದಾಗ ಮಾತ್ರ. ಅದಕ್ಕೆ ಪಕ್ಕದಲ್ಲಿ ಜಾಗ ಇರ್ಬೇಕು, ನಲವತ್ತು ವರ್ಷದಲ್ಲಿ ಅಲ್ಲೆಲ್ಲಾ ಡಂಪು, ರಸ್ತೆ, ಕನ್ವೇಯರ್ ಬಂದಿರತ್ತೆ, ಹಾಗಾಗಿ ನಿಜವಾಗಿ ಸಿಗೋದು ಕಮ್ಮಿ.

ಪಿಟ್ಟಿಗೇ ಹೊಳೆ ಬಿಟ್ಟು ಕೆರೆ ಮಾಡೋದು ಅಂತ ನೀವು ಕೇಳಿದ್ರಲ್ಲ, ಅದಕ್ಕೆ ಪಶ್ಚಿಮ ಆಸ್ಟ್ರೇಲಿಯಾದ ಕಾಲಿ ಹತ್ರ ಲೇಕ್ ಕೆಪ್ವಾರಿ ನೋಡ್ಕೊಂಡು ಬನ್ನಿ. ಕಾಲಿ ನದಿಯ ದಕ್ಷಿಣ ಕವಲನ್ನ ಗಣಿ ಸುತ್ತ ತಿರುಗಿಸಿದ್ರು, ಗಣಿ ಮುಚ್ಚಿ ಪಿಟ್ ಕೆರೆ ಆಯ್ತು, ನೀರು ಹುಳಿ ಅಂದ್ರೆ ಆಸಿಡ್. 2011ರಲ್ಲಿ ಪ್ರವಾಹಕ್ಕೆ ದಂಡೆ ಒಡೆದು ನದಿ ತಾನಾಗೇ ಕೆರೆಗೆ ನುಗ್ಗಿತು, ನೋಡಿದ್ರೆ ನೀರಿನ ಗುಣ ಸುಧಾರಿಸಿತ್ತು, ಆಮೇಲೆ ಅದನ್ನೇ ಪದ್ಧತಿ ಮಾಡಿ ನದಿ ಕೆರೆ ಮೂಲಕ ಹಾದುಹೋಗೋ ಹಾಗೆ ಬಿಟ್ರು, 2020ರಲ್ಲಿ ಜನರಿಗೆ ದೋಣಿ ಬಿಡೋಕೆ ತೆರೆದ್ರು. ಆದ್ರೆ ಅದು ನಂಬಿಕೆ ಇರೋ ಚಳಿಗಾಲದ ಮಳೆಯ ಊರು. ನಿಮ್ಮ ಕಡೆ ಹೊಳೆ ವರ್ಷದಲ್ಲಿ ಬಹುಪಾಲು ಒಣಗಿರತ್ತೆ, ಸುಡೋ ಬಿಸಿಲಿಗೆ ಕೆರೆ ಆವಿ ಆಗಿ ಉಪ್ಪು ಏರತ್ತೆ, ಜೊತೆಗೆ ಕೆರೆ ತುಂಬೋವರೆಗೆ ಕೆಳಗಿನವರಿಗೆ ನೀರಿಲ್ಲ. ಹತ್ತು ವರ್ಷದ ನೀರಿನ ಲೆಕ್ಕ ಹಾಕದೆ ಮ್ಯಾನೇಜ್‌ಮೆಂಟ್ ಮುಂದೆ ಕೆರೆ ಚಿತ್ರ ತೋರಿಸ್ಬೇಡಿ, ಎಲ್ಲರಿಗೂ ಇಷ್ಟ ಆಗ್ಬಿಡತ್ತೆ.

ಹಾಗಾದ್ರೆ

ಕೊರ್ಬಾ ತಮ್ಮಾ, ಹನ್ನೆರಡು ವರ್ಷದ ಪಿಟ್ಟು, ಹೊಳೆ ಕೆಳಗಿನ ಕಲ್ಲಿದ್ದಲು ಎಷ್ಟು ಅಂತ ಮೊದಲು ಬರೆ. ಅದು ಒಟ್ಟಿನ ಸಣ್ಣ ಪಾಲು ಆಗಿದ್ರೆ ಏರಿ ಕಟ್ಟಿ ನಾಲಾನ ಬಿಡು. ದೊಡ್ಡ ಪಾಲು ಆಗಿದ್ರೆ ದಾರಿ ಮೂರು, ಅದಕ್ಕೆ ಜಮೀನು, ರಾಜ್ಯದ ಜಲಸಂಪನ್ಮೂಲ ಇಲಾಖೆ ಒಪ್ಪಿಗೆ, ಎರಡು ಮಳೆಗಾಲದ ಅಳತೆ ಬೇಕು, ಈ ಮಳೆಗಾಲದೊಳಗೆ ಆಗಲ್ಲ ಅಂತ ಸಾಹೇಬ್ರಿಗೆ ಹೇಳು. ಆ ಎರಡು ವರ್ಷ ಪಿಟ್ ಬೇರೆ ದಿಕ್ಕಿಗೆ ಹೋಗೋ ಹಾಗೆ ಸೀಕ್ವೆನ್ಸ್ ಬದಲಿಸೋದು ನಿನ್ನ ಕೈಲೇ ಇದೆ, ಪ್ಲಾನಿಂಗ್‌ನವನು ನೀನೇ ತಾನೇ.

ಮೇಡಂ, ನಿಮ್ಮ ಬಜೆಟ್ ಅರ್ಧಾನೇ ಬಂದ್ರೆ ಅರ್ಧ ಉದ್ದಕ್ಕೆ ಎಲ್ಲಾ ಕೆಲಸ ಮಾಡಿಸ್ಬೇಡಿ. ತಳ ಇಳೀತಿದ್ರೆ ಕೆಳಗಿನ ತುದಿಯಿಂದ ಶುರು ಮಾಡಿ, ಕೊರೆತ ಮೇಲಕ್ಕೆ ನಡೆಯೋದ್ರಿಂದ ಕೆಳಗೆ ತಳಕ್ಕೆ ಅಡ್ಡಲಾಗಿ ಕಲ್ಲಿನ ಬಂಧ ಹಾಕಿದ್ರೆ ಮೇಲಿಂದಕ್ಕೆ ಉಸಿರಾಡೋಕೆ ಟೈಮ್ ಸಿಗತ್ತೆ. ಇನ್ನೊಂದು ಬಂಧ ಮೇಲ್ಗಡೆ ಮೆಟ್ಟಿಲು ಈಗ ಎಲ್ಲಿವರೆಗೆ ನಡೆದಿದೆಯೋ ಅದಕ್ಕಿಂತ ಒಂದಷ್ಟು ಮೇಲಕ್ಕೆ. ಮಧ್ಯದ ದಂಡೆ ಒಂದು ವರ್ಷ ಕುಸಿದ್ರೆ ಕುಸೀಲಿ. ಬೇಲಿ ಮಾತ್ರ ಈ ವರ್ಷಾನೇ ಹಾಕಿಸಿ, ಗೂಟ, ಸಸಿ ಮುಂದಿನ ಮಳೆಗೆ.